ಎರವಲು ಕಾವಲು

ಮಣ್ಣು ಮಾಡಿ ಬಂದ ನಾಲ್ಕನೆಯ ದಿನಕ್ಕೆ ನೆಂಟರೆಲ್ಲ ಹೊರಟುಹೋಗಿದ್ದರು. ಬೆಳಿಗ್ಗೆ ಮಹಾನಂದಾ ಹಾಲು ಕಾಯಲು ಇಟ್ಟಾಗ, ಗಂಡ ಚನ್ನವೀರನ ಮಂಚದ ಪಕ್ಕದಲ್ಲಿದ್ದ ಕಾವಲುಪೆಟ್ಟಿಗೆ ಎಂದಿನಂತೆ ಆರೂವರೆಗೆ ಮೆಲ್ಲಗೆ ಗುರುಗುಟ್ಟಿತು. ಒಳಗಿನ ದ್ರವವನ್ನು ಮೈಬಿಸಿಗೆ ತಂದಿತು, ಒಂದು ತೊಟ್ಟು ಸಕ್ಕರೆನೀರು ಉಣಿಸಿತು, ಗಾಜಿನ ಮೇಲೆ ಲೆಕ್ಕ ತೋರಿಸಿತು: ಜೀವಂತ ಕೋಶಗಳು, ಹನ್ನೊಂದು ಕೋಟಿ. ಯಜಮಾನ ಸತ್ತದ್ದು ಅದಕ್ಕೆ ಗೊತ್ತಿರಲಿಲ್ಲ.

ಜಠರದಲ್ಲಿ ವರ್ಷಗಟ್ಟಲೆ ಬೀಡುಬಿಡುವ ಸುರುಳಿ ಬ್ಯಾಕ್ಟೀರಿಯಾ ಕೆಲವರಿಗೆ ಗಡ್ಡೆ ತರುತ್ತದೆ. ಆ ಗಡ್ಡೆಯ ಮೈಮೇಲೆ ಬ್ಯಾಕ್ಟೀರಿಯಾದ ಚೂರುಗಳು ಅಂಟಿಕೊಂಡಿರುತ್ತವೆ. ಪೆಟ್ಟಿಗೆಯ ಉಪಾಯ ಇಷ್ಟೇ: ಅದೇ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿದ್ದೂ ಜಗ್ಗದ ಗಟ್ಟಿ ಆಳೊಬ್ಬನ ರಕ್ತದಿಂದ ಕಾವಲುಕೋಶಗಳನ್ನು ಎರವಲು ಪಡೆದು, ಬೆಳೆಸಿ, ರೋಗಿಯ ಮೈಗೆ ಬಿಡುವುದು, ಆಗಾಗ ಹಿಂದಕ್ಕೆ ಎಳೆದುಕೊಂಡು ಸಾಕುವುದು. ಅವು ಬ್ಯಾಕ್ಟೀರಿಯಾದ ಗುರುತು ಹಿಡಿದು ಹೋಗಿ ಗಡ್ಡೆಯನ್ನೂ ಕಡಿಯುತ್ತವೆ. ಆದ್ದರಿಂದ ನಿಯಮ ಒಂದೇ. ಚಿಕಿತ್ಸೆ ಮುಗಿಯುವ ತನಕ ಬ್ಯಾಕ್ಟೀರಿಯಾವನ್ನು ಔಷಧ ಕೊಟ್ಟು ಕೊಲ್ಲಕೂಡದು. ಅದು ಹೋದರೆ ಗುರುತೂ ಹೋಯಿತು.

ಬ್ಯಾಕ್ಟೀರಿಯಾದ ತಳಿ ಮನೆಯಿಂದ ಮನೆಗೆ ಬೇರೆ. ಚನ್ನವೀರನದಕ್ಕೆ ಹೊಂದಿಕೆಯಾದದ್ದು ಮನೆಯವರದಲ್ಲ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಹಿರಿಯ ಫಿಟ್ಟರ್ ದಾವಲಸಾಬನದು. ಹದಿನಾಲ್ಕು ವರ್ಷ ಇಬ್ಬರೂ ಅಲ್ಲಿ ಜೊತೆಗೆ ದುಡಿದು, ಒಂದೇ ಬುತ್ತಿಗೆ ಕೈಹಾಕಿ ಉಂಡವರು.

ಹಾಲಿನ್ನೂ ಒಲೆಯ ಮೇಲಿರುವಾಗಲೇ, ಚಿಕಿತ್ಸೆ ಮಾಡಿದ್ದ ಡಾಕ್ಟರ್ ಶಾಲ್ಮಲಾ ಫೋನ್ ಮಾಡಿದರು.

“ಮಹಾನಂದಾ ಅವರ, ಈ ಹೊತ್ನ್ಯಾಗ ಹೇಳಬಾರದು. ದಾವಲಸಾಬರಿಗೂ ಗಡ್ಡಿ ಆಗೇದ. ಹೋದ ವಾರ ಗೊತ್ತಾತು. ವಯಸ್ಸಾತಲ್ಲ, ಅವರ ರಕ್ತದಾಗ ಈಗ ಆ ಕಸುವಿಲ್ಲ.”

“ಪೆಟಗ್ಯಾಗ ಅವರವ ಅದಾವಲ್ರಿ.”

“ಅದ ಆಶಾ ಇಟಗೊಂಡಿದ್ದೆ. ಎರಡು ತಿಂಗಳು ಗಡ್ಡಿ ಕಡದು ಪಳಗಿದ್ವು. ಆದರ ಮಾರ್ಚ್‌ದಾಗ ಒಮ್ಮೆಲೆ ತಣ್ಣಗಾಗ್ಯಾವ. ಸೋತ ಕೋಶ ಹಾಕಿದರ ಉಪಯೋಗಿಲ್ಲ. ಇವತ್ತು ಮಂದಿ ಕಳಸ್ತೀನಿ, ಒಯ್ದು ಚೆಲ್ಲತಾರ.”

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಮಹಾನಂದಾ ಒಲೆ ಆರಿಸಿದಳು.

ಮಾರ್ಚ್ ಅವಳಿಗೆ ನೆನಪಿತ್ತು. ಗಡ್ಡೆ ಅರ್ಧಕ್ಕೆ ಇಳಿದಿತ್ತು. ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಅವಳು. ಗಂಡನ ಹೊಟ್ಟೆಯಲ್ಲಿ ರೋಗದ ಬೀಜವನ್ನು ಸಾಕಿಕೊಂಡು ಕೂರುವುದು ಅವಳಿಂದ ಆಗಿರಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಗಳನ್ನು ಪುಡಿಮಾಡಿ ನವಣೆ ಗಂಜಿಯಲ್ಲಿ ಕಲಸಿ ಹದಿನಾಲ್ಕು ದಿನ ಉಣಿಸಿದ್ದಳು. ಗಂಜಿ ಕಹಿ ಎಂದು ಅವನು ಗೊಣಗಿದ್ದ, ಉಂಡಿದ್ದ. ಆಮೇಲೆ ಗಡ್ಡೆ ಮತ್ತೆ ಬೆಳೆದಾಗ ದೇವರನ್ನು ಬೈದಳು, ಕೋಶಗಳನ್ನು ಬೈದಳು. ಮಾತ್ರೆಯನ್ನೂ ಗಡ್ಡೆಯನ್ನೂ ಕೂಡಿಸಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲವೆಂದೇ ಹೇಳಬೇಕು.

ಇದು ಬೇರೆ ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ತಪ್ಪು ಕೋಶಗಳದಾಗುತ್ತದೆ. ದಾವಲಸಾಬ ಸಾಯುತ್ತಾನೆ.

“ಚೆಲ್ಲಬ್ಯಾಡ್ರಿ,” ಎಂದಳು. “ಅವು ಸೋತಿಲ್ಲ. ನಾನ ಬ್ಯಾಕ್ಟೀರಿಯಾಕ್ಕ ಔಷಧ ಕೊಟ್ಟೀನಿ. ಗಂಜ್ಯಾಗ ಹಾಕಿ.”

ಆಚೆ ಡಾಕ್ಟರ್ ಕಾಗದ ಮಗುಚಿದ ಸದ್ದಾಯಿತು.

“ನಿಮಗ ಹೇಳಿದ್ದೆ.”

“ಹೇಳಿದ್ರಿ.”

“ಪೆಟಗಿ ತಗೊಂಡು ಬರ್ರಿ.”

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಡಾಕ್ಟರ್ ಒಂದು ಗಾಜಿನ ಬಟ್ಟಲಿಗೆ ಪೆಟ್ಟಿಗೆಯ ಕೋಶಗಳನ್ನು ಹಾಕಿದರು. ಪರದೆಯ ಮೇಲೆ ಅವು ರವೆಯಂತೆ ಬಿದ್ದಿದ್ದವು. ದಾವಲಸಾಬನ ಜಠರರಸದ ಒಂದು ಹನಿ ಬಿಟ್ಟರು. ನಾಲ್ಕು ನಿಮಿಷ ಏನೂ ಆಗಲಿಲ್ಲ. ಐದನೆಯ ನಿಮಿಷಕ್ಕೆ ಒಂದು ಅಲುಗಾಡಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಎಲ್ಲವೂ ಒಂದೇ ದಿಕ್ಕಿಗೆ ಹರಿಯತೊಡಗಿದವು.

ಡಾಕ್ಟರ್ ಅವಳ ಮುಖ ನೋಡಲಿಲ್ಲ. “ಛಲೋ ಅದಾವ,” ಎಂದರು. “ಅಂದ್ರ—”

“ಗೊತ್ತಾತ್ರಿ,” ಎಂದಳು ಮಹಾನಂದಾ.

ವಾರ್ಡಿನಲ್ಲಿ ದಾವಲಸಾಬನಿಗೆ ಅವಳೇ ಎಲ್ಲವನ್ನೂ ಹೇಳಿದಳು. ಅಳು ಬರಲಿಲ್ಲ. ಅವನು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟ. ನರ್ಸ್ ಬಂದು ತೋಳಿಗೆ ಸೂಜಿ ಹಾಕಿ ಹೋದ ಮೇಲೆ ಈಚೆ ತಿರುಗಿದ.

“ಹಂಗಾದ್ರ ನನಗ ಗಂಜಿ-ಗಿಂಜಿ ಮಾಡಿ ತರಬ್ಯಾಡವ್ವ.”

“ತರಾಂಗಿಲ್ಲಣ್ಣ.”

“ಚನ್ನವೀರ ನನ್ನ ನಟ್ ಬಿಚ್ಚೋ ಪಾನಾ ಒಯ್ದಾಂವ ಒಂದ ದಿನ ಹೊಳ್ಳಿ ಕೊಟ್ಟಾಂವಲ್ಲ. ಕೇಳಿದರ ನನಗ ದಬಾಯಿಸ್ತಿದ್ದ.” ನಗಲು ಹೋಗಿ ಕೆಮ್ಮಿದ. ಪೆಟ್ಟಿಗೆಯನ್ನೇ ನೋಡುತ್ತ ಕೇಳಿದ: “ಅರ್ಧಾ ವರ್ಷ ಅವನ ಮೈಯಾಗ ಓಡ್ಯಾಡ್ಯಾವ. ಅವಂದೂ ಚೂರು ಇರ್ತೈತೇನವ್ವ ಇದರಾಗ?”

ಈ ಮಾತನ್ನು ನಾಲ್ಕು ದಿನದಿಂದ ಅವಳೂ ಪೆಟ್ಟಿಗೆಯ ಮುಂದೆ ಕೂತು ಕೇಳಿಕೊಂಡಿದ್ದಳು. ಉತ್ತರ ಅವಳು ಓದಿದ ವಿದ್ಯೆಯಲ್ಲೇ ಇತ್ತು.

“ಇಲ್ಲಣ್ಣ,” ಎಂದಳು. “ಎಲ್ಲಾ ನಿಮ್ಮವ.”

ಪೆಟ್ಟಿಗೆಯನ್ನು ಅವನ ಮಂಚದ ಬದಿಗೆ ಇಟ್ಟು ಕೈ ತೆಗೆದಳು.