ನಾಲ್ಕನೇ ಸಲದ ಇಸಿಜಿ

"ಮತ್ತೆ ನೀವಾ?!"

ಇಸಿಜಿ ತೆಗೆಯುವ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. ತಿಂಗಳಲ್ಲಿ ನಾಲ್ಕನೇ ಸಲ! ಬಸ್ ಡ್ರೈವರ್, ಗುಂಡುಕಲ್ಲಿನಂಥ ಆಳು. ಎದೆ ಹಿಡಿದುಕೊಂಡು ಬರುವುದು, ರಿಪೋರ್ಟ್ ನಾರ್ಮಲ್ ಎಂದೊಡನೆ ಅವಳ ಮುಖ ನೋಡಿ ನಗುವುದು. ನರ್ಸಕ್ಕ ಬೇರೆ, "ನೋವೂ ಇಲ್ಲ ಗೀವೂ ಇಲ್ಲ ಕಣೇ, ನಿನ್ನ ಮೇಲೆ ಕಣ್ಣು" ಎಂದು ತಲೆಗೆ ಹುಳ ಬಿಟ್ಟಿದ್ದಳು.

ಆ ನಗು ಅವಳಿಗೂ ಇಷ್ಟವೇ. ಅದಕ್ಕೇ ಕೋಪ ಇನ್ನೂ ಹೆಚ್ಚು...

"ಹೊರಗೆ ನಿಜವಾದ ರೋಗಿಗಳು ಕಾಯ್ತಿದ್ದಾರೆ. ನಿಮ್ಮ ನಾಟಕ ಸಾಕು!"

ಅವನ ಮುಖ ಪೆಚ್ಚಾಯಿತು. ಎದೆ ಹಿಡಿದುಕೊಂಡೇ ಹೊರಗೆ ನಡೆದ.

ಐದು ನಿಮಿಷದ ನಂತರ ನೋಡಿದರೆ, ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾನೆ! ಮೈಯೆಲ್ಲ ಬೆವರು, ಉಸಿರು ಸಿಗುತ್ತಿಲ್ಲ.

"ಸತ್ತೋಗ್ತೀನಿ ಅನ್ಸುತ್ತೆ..."

ಅವಳ ಜೀವವೇ ಬಾಯಿಗೆ ಬಂತು. ಅಯ್ಯೋ, ಎಂಥ ಮಾತು ಆಡಿಬಿಟ್ಟೆ!

ಇಸಿಜಿ ಆಯಿತು. ಬಡಿತ ಜೋರು, ಉಳಿದದ್ದೆಲ್ಲ ಸರಿ. ಡಾಕ್ಟರಮ್ಮ ಈ ಸಲ ಕುರ್ಚಿ ಎಳೆದುಕೊಂಡು ಕೂತರು.

"ಈ ಸಂಕಟ ಸ್ವಲ್ಪ ಹೊತ್ತಲ್ಲಿ ತಾನಾಗೇ ಇಳಿಯುತ್ತಾ?"

"ಇಳಿಯುತ್ತೆ. ಮತ್ತೆ ಯಾವಾಗ ಬರುತ್ತೋ ಅನ್ನೋ ಭಯ ಇಳಿಯಲ್ಲ. ಎರಡು ವಾರದಿಂದ ಬಸ್ ಮುಟ್ಟಿಲ್ಲ. ನಮ್ಮಪ್ಪ ನನ್ನ ವಯಸ್ಸಲ್ಲೇ ಎದೆನೋವಲ್ಲಿ ಹೋದ್ರು..."

"ಇದು ಪ್ಯಾನಿಕ್ ಡಿಸಾರ್ಡರ್, ಇದ್ದಕ್ಕಿದ್ದ ಹಾಗೆ ವಿಪರೀತ ಭಯ ನುಗ್ಗಿ ಬರೋ ಕಾಯಿಲೆ. ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕಾಗಲ್ಲ. ಒತ್ತಡ, ಮನಸ್ಸಿಗೆ ಬಿದ್ದ ಪೆಟ್ಟು, ಕೆಲವರಿಗೆ ಮನೆತನದಿಂದಾನೂ ಬರುತ್ತೆ. ಹೃದಯಕ್ಕೇನೂ ಆಗಿಲ್ಲ. ಆದ್ರೆ ನಿಮ್ಮ ಸಂಕಟ ಸುಳ್ಳಲ್ಲ. ಚಿಕಿತ್ಸೆಯಿದೆ, ಗುಣ ಆಗ್ತೀರಿ."

ಅವಳು ತಲೆ ತಗ್ಗಿಸಿದಳು. "ನಾಟಕ ಅಂದ್ಬಿಟ್ಟೆ... ತಪ್ಪಾಯ್ತು."

"ಬಿಡಿ. ನೀವು ನಾರ್ಮಲ್ ಅಂದಾಗ ಬದುಕಿದೆ ಅನ್ಸೋದು. ಅದಕ್ಕೇ ನಗು ಬರ್ತಿತ್ತು."

ಅಷ್ಟೇನಾ? ಅವಳಿಗೆ ಪಿಚ್ಚೆನಿಸಿತು. ಆದರೂ ಮಾರನೆಯ ದಿನ ಫೋನ್ ಮಾಡಿ ವಿಚಾರಿಸಿದಳು. ಅದರ ಮಾರನೆಯ ದಿನವೂ...

ಎರಡು ತಿಂಗಳಾಯಿತು. ಡಿಪೋ ಅಂಗಳದಲ್ಲಿ ಖಾಲಿ ಬಸ್ಸು, ಡ್ರೈವರ್ ಹಿಂದಿನ ಸೀಟಿನಲ್ಲಿ ಅವಳು. ಕೌನ್ಸೆಲರ್ ಹೇಳಿದಂತೆ ಮೊದಲು ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದರು, ಆಮೇಲೆ ಎಂಜಿನ್ ಚಾಲೂ ಮಾಡಿದ್ದರು. ಇವತ್ತು ಅಂಗಳಕ್ಕೆ ಒಂದು ಸುತ್ತು.

ಅರ್ಧಕ್ಕೇ ಅವನು ಬ್ರೇಕ್ ಒತ್ತಿದ. "ಬಂತು..."

"ಬರಲಿ. ಇಳಿದು ಓಡ್ಬೇಡಿ. ನಿಧಾನಕ್ಕೆ ಉಸಿರು ಬಿಡಿ. ನಾನಿದ್ದೀನಲ್ಲ."

ಒಂಬತ್ತು ನಿಮಿಷಕ್ಕೆ ಇಳಿಯಿತು. ಅವನು ತೋಳಿನಿಂದ ಹಣೆ ಒರೆಸಿಕೊಂಡ.

"ಇಂಥವನನ್ನ ಕಟ್ಕೊಂಡು ಏನ್ ಸುಖ ನಿಮಗೆ?"

"ಕಟ್ಕೋತೀಯಾ ಅಂತ ಕೇಳಿದ್ದೀರಾ ಮೊದಲು?"

"...ಈಗ ಕೇಳ್ತಿದ್ದೀನಿ. ಕಟ್ಕೋತೀರಾ?"

ಅವಳ ಕಣ್ಣು ತುಂಬಿತು.

"ಹೂಂ ರೀ! ಈಗ ಗೇರ್ ಹಾಕಿ, ಇನ್ನರ್ಧ ಸುತ್ತು ಬಾಕಿ ಇದೆ."