ಗ್ರಾಫಿಕ್ಸ್ ಕಾರ್ಡಿನ ಕೈಗಡ

ಕನ್ನಡಕದ ಅಂಗಡಿ ಇಟ್ಟುಕೊಂಡು ಊರವರ ಕಣ್ಣನ್ನೆಲ್ಲ ಸರಿಮಾಡುತ್ತಿದ್ದ ಆ ಮನುಷ್ಯನಿಗೆ, ತನ್ನ ಮನೆಯ ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಯಾವುದೂ ನೆಟ್ಟಗೆ ಕಾಣುತ್ತಿರಲಿಲ್ಲ. ಬಾಡಿಗೆ ಮನೆ ಬದಲಾಯಿಸಿದಂದಿನಿಂದ ಅದಕ್ಕೆ ಏನೋ ದಾಡಿ ಹಿಡಿದಿತ್ತು. ರೇಸ್ ಆಟದಲ್ಲಿ ಅವನ ಕಾರು ತಿರುವಿಗೆ ಬಂದದ್ದೇ ತಡ, ಚಿತ್ರ ತಡವರಿಸಿ ನಿಂತುಬಿಡುತ್ತಿತ್ತು. ಮತ್ತೆ ಓಡುವಷ್ಟರಲ್ಲಿ ಕಾರು ಗೋಡೆಗೆ ಗುದ್ದಿರುತ್ತಿತ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಯಿತು ಎಂದು ಅವನು ತೀರ್ಮಾನಿಸಿದ. ಹೊಸದು ತರುವ ಮಾತೆತ್ತಿದಾಗ ಹೆಂಡತಿ, "ಆಡೋ ವಯಸ್ಸು ಮುಗಿದಿರೋದು ಕಾರ್ಡಿಗೋ, ನಿಮಗೋ?" ಎಂದು ಕೇಳಿ ಒಳಗೆ ಹೋದಳು. ಆ ಮಾತು ಅವನಿಗೆ ಚೆನ್ನಾಗಿಯೇ ನಾಟಿತು.

ಅಂಥ ಹೊತ್ತಿನಲ್ಲೇ ಅಕ್ಕನ ಮಗಳು ಬಂದಳು. ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಕೂಡಿಟ್ಟ ಹಣವನ್ನು ಅವನ ಕೈಗೇ ಇಟ್ಟಳು. "ಮಾವ, ಕಡಿಮೆ ಖರ್ಚಲ್ಲಿ ಗೇಮ್ ಆಡೋಕೆ ಒಂದು ಕಂಪ್ಯೂಟರ್ ಜೋಡಿಸಿಕೊಡಿ. ಆಮೇಲೆ ಒಂದೊಂದೇ ಭಾಗ ಸೇರಿಸ್ಕೊಂಡು ಬೆಳೆಸೋ ಹಾಗಿರ್ಲಿ."

"ನೀನು ಅವನ್ಗೆ ಹೇಳ್ಕೊಡ್ಬೇಕೇನೇ?" ಎಂದಳು ಮಗಳ ಜೊತೆಗೇ ಬಂದಿದ್ದ ಅಕ್ಕ. "ಅವನ್ಗೆ ಗೊತ್ತಿಲ್ದೇ ಇರೋದು ಏನಿದೆ?"

ನಂಟರಿಷ್ಟರಲ್ಲಿ ಯಾರ ಮನೆಯ ಟೀವಿ ರಿಮೋಟ್ ಮುನಿಸಿಕೊಂಡರೂ ಇವನಿಗೇ ಫೋನು ಬರುತ್ತಿತ್ತು. ಇವನು ಬ್ಯಾಟರಿ ಬದಲಾಯಿಸಿ ಪಂಡಿತನೆನಿಸಿಕೊಂಡು ಬರುತ್ತಿದ್ದ. ಆ ಪದವಿಯ ಮೇಲೆ ಅವನಿಗೆ ಬಹಳ ಆಸೆಯಿತ್ತು. ಈ ಸೋದರಸೊಸೆ ತನ್ನನ್ನು ಕಣ್ಣರಳಿಸಿ ನೋಡುವುದಂತೂ ಅವನಿಗೆ ಎಲ್ಲಕ್ಕಿಂತ ಪ್ರೀತಿಯ ವಿಷಯ. ಆದರೂ ಆ ಸಂಜೆಯೇ ಅವನ ತಲೆಯೊಳಗೆ ಒಂದು ಹುಳು ಹೊಕ್ಕಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯೋಜನೆ ಹಾಗಿತ್ತು. ಸೊಸೆಯ ಹಣದಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು, ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಳ್ಳುವುದು, ತನ್ನ ಮುದಿ ಕಾರ್ಡನ್ನು ಅವಳದಕ್ಕೆ ಕೂರಿಸುವುದು. ಉಳಿದ ಭಾಗಗಳಲ್ಲಿ ಮಾತ್ರ ಅವನು ಒಂದಿಷ್ಟೂ ಮೋಸ ಮಾಡಲಿಲ್ಲ. ಮುಂದೆ ದೊಡ್ಡ ಪ್ರೊಸೆಸರ್ ಬಂದರೂ ಒಗ್ಗುವಂಥ, ಎಲ್ಲ ಭಾಗಗಳೂ ಬಂದು ಕೂರುವ ಮದರ್‌ಬೋರ್ಡ್ ಹುಡುಕಿದ. ಮೆಮೊರಿ ಪಟ್ಟಿಗಳಿಗೆ ಖಾಲಿ ಜಾಗ ಉಳಿಯುವಂತೆ ನೋಡಿಕೊಂಡ. ಪವರ್ ಸಪ್ಲೈ ಈಗ ಬೇಕಾದ್ದಕ್ಕಿಂತ ಒಂದು ಕೈ ಮೇಲೆಯೇ ಇರಲಿ ಎಂದ. ಅದರಲ್ಲಿ ಜಿಪುಣತನ ಮಾಡುವುದು ಪಾಪವೆಂದು ಅಂಗಡಿಯವನಿಗೇ ಉಪದೇಶ ಮಾಡಿದ. ಕಳ್ಳತನಕ್ಕೆ ಹೊರಟವನ ಈ ಶ್ರದ್ಧೆ ಪ್ರಾಮಾಣಿಕರಿಗೂ ಬರುವುದು ಕಷ್ಟ.

ಪೆಟ್ಟಿಗೆಗೆ ಒಂದು ಕಡೆ ಗಾಜಿರಲಿ, ಒಳಗಿನ ದೀಪ ಕಾಣಲಿ ಎಂದು ಸೊಸೆಗೆ ಆಸೆ. "ಗಾಜು ಬೇಡಮ್ಮ, ಬಿಸಿ ಜಾಸ್ತಿ," ಎಂದು ಹೇಳಿ ನಾಲ್ಕೂ ಕಡೆ ತಗಡಿರುವ ಪೆಟ್ಟಿಗೆ ತಂದ. ವರ್ಷ ತುಂಬುವ ಮೊದಲು ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುತ್ತದೆಂದು ಹೆದರಿಸಿ, ಸ್ಕ್ರೂ ಮೇಲೆ ಬೆಳ್ಳಿ ಬಣ್ಣದ ಚೀಟಿಯನ್ನೂ ಅಂಟಿಸಿದ. ಪರದೆಯ ಮೇಲೆ ಕಾರ್ಡಿನ ಹೆಸರು ಹುಡುಕಿ ಓದುವವರು ಯಾರಿದ್ದಾರೆ? ಆಟ ತಡವರಿಸಿದರೆ ಹೇಳಬೇಕಾದ ಮಾತೂ ಸಿದ್ಧವಾಗಿತ್ತು: ಇದು ಬೆಳೆಯುವ ಯಂತ್ರ, ಮುಂದಿನ ವರ್ಷ ಬೇರೆ ಕಾರ್ಡ್ ಹಾಕೋಣ. ಆಗ ಅವಳ ಕಾರ್ಡನ್ನೇ ಅವಳಿಗೆ ಹಾಕಿಕೊಟ್ಟು ಶಹಬ್ಬಾಸ್ ಎನ್ನಿಸಿಕೊಂಡರಾಯಿತು. ಅಂದಮೇಲೆ ಇದು ಕಳ್ಳತನ ಹೇಗಾದೀತು? ಒಂದು ವರ್ಷದ ಕೈಗಡ, ಅಷ್ಟೇ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವ ಗಾದೆ ಅವನಿಗೂ ಗೊತ್ತಿತ್ತು, ಆದರೆ ಅದು ಬೇರೆ ಕಳ್ಳರ ಬಗ್ಗೆ ಹೇಳಿದ್ದೆಂದು ಅವನ ನಂಬಿಕೆ.

ಹೆಂಡತಿ ಮಾರುಕಟ್ಟೆಗೆ ಹೋಗಿದ್ದಾಗ ತನ್ನ ಪೆಟ್ಟಿಗೆಯ ತಂತಿಗಳನ್ನೆಲ್ಲ ಕಿತ್ತು, ಕಾರ್ಡು ಬದಲಿಸಿ, ಎಲ್ಲವನ್ನೂ ಇದ್ದಲ್ಲಿಗೇ ಸಿಕ್ಕಿಸಿದ. ಹಳೆಯ ಕಾರ್ಡನ್ನು ಬ್ರಶ್ಶಿನಿಂದ ಉಜ್ಜಿ, ಕನ್ನಡಕ ಒರೆಸುವ ಬಟ್ಟೆಯಿಂದ ಹೊಳಪು ಕೊಟ್ಟು ಸೊಸೆಯ ಪೆಟ್ಟಿಗೆಯೊಳಗೆ ಮಲಗಿಸಿದ. ಅಕ್ಕ ಬಂದು ಹೊತ್ತುಕೊಂಡು ಹೋದಳು; ಮನೆಯಲ್ಲಿ ಸೊಸೆ ಹೊಸ ಕಾರ್ಡಿನ ಜೊತೆ ಬಂದಿದ್ದ ಪುಸ್ತಿಕೆ ನೋಡಿಕೊಂಡು ತಂತಿಗಳನ್ನು ತಾನೇ ಜೋಡಿಸಿಕೊಂಡಳು.

ಮರುದಿನ ಅವಳ ಫೋನು ಬಂದಾಗ ಅವನು ಸಿದ್ಧಮಾಡಿಟ್ಟಿದ್ದ ಮಾತನ್ನು ಒಮ್ಮೆ ನೆನೆದುಕೊಂಡು ಎತ್ತಿದ. "ಮಾವ, ಸೂಪರ್! ಬೆಣ್ಣೇಲಿ ಕೂದಲು ತೆಗೆದ ಹಾಗೆ ಓಡ್ತಿದೆ!"

ಇವನಿಗೆ ಖುಷಿಗಿಂತ ಹೆಚ್ಚಾಗಿ ಉರಿ ಹತ್ತಿತು. ಯಾಕೆಂದರೆ ಇವನ ಕಾರು ಅದೇ ತಿರುವಿನಲ್ಲಿ ಅದೇ ಗೋಡೆಗೆ ಗುದ್ದುತ್ತಲೇ ಇತ್ತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟು ಮೋಸ ಮಾಡಿದ, ಲೋಕದಲ್ಲಿ ನಿಯತ್ತೇ ಉಳಿದಿಲ್ಲ ಎಂದು ಒಳಗೊಳಗೇ ಕುದಿದ. ಹೋಗಿ ಜಗಳವಾಡೋಣವೆಂದರೆ ಕಾರ್ಡು ಇರಬೇಕಾದದ್ದು ಸೊಸೆಯ ಮನೆಯಲ್ಲಿ. ಕಳ್ಳನಿಗೆ ಚೇಳು ಕುಟುಕಿದಂತಾಯಿತು, ಕೂಗುವ ಹಾಗೂ ಇಲ್ಲ. ತಿಂಗಳಿಡೀ ಸಾಫ್ಟ್‌ವೇರ್ ಅಳಿಸಿದ, ಮತ್ತೆ ಹಾಕಿದ, ಫ್ಯಾನಿನ ಧೂಳು ಊದಿದ. ಗೋಡೆ ಮಾತ್ರ ಅವನಿಗಾಗಿ ಕಾದೇ ಇರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಮತ್ತು ಸೊಸೆ ಬಂದರು. ಅವನ ಕಾರು ಗುದ್ದುವುದನ್ನು ಸೊಸೆ ಬೆನ್ನ ಹಿಂದೆ ನಿಂತು ನೋಡಿದಳು. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಮೊಬೈಲ್ ದೀಪ ಹಿಡಿದು ಮೇಜಿನಡಿ ನುಗ್ಗಿಯೇಬಿಟ್ಟಳು.

"ಅಯ್ಯೋ ಮಾವ! ಮಾನಿಟರ್ ತಂತೀನ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರಲ್ಲ! ಕಾರ್ಡಿಗಲ್ವಾ ಹಾಕೋದು? ಪಾಪ, ಕಾರ್ಡು ಸುಮ್ನೆ ಕೂತಿದೆ." ಕೆಳಗೆ ಏನೋ ಕಿತ್ತ ಸದ್ದಾಯಿತು, ತಂತಿ ಜಾಗ ಬದಲಾಯಿಸಿತು. ಮನೆ ಬದಲಾಯಿಸಿದ ಮೇಲೆ ಮೊದಲ ಬಾರಿಗೆ ಪರದೆಯ ಮೇಲೆ ಕಾರು ನೀರಿನಂತೆ ತಿರುವು ದಾಟಿತು. ಅವನಿಗೆ ಹಿಗ್ಗಬೇಕೋ ನಾಚಬೇಕೋ ತಿಳಿಯಲಿಲ್ಲ. ಸೊಸೆ ಎದ್ದು ಬಂದಾಗ ಅವಳ ಅಂಗೈಯಲ್ಲಿ ಕಾಳಿನಷ್ಟು ಪುಟ್ಟ ಪ್ಲಾಸ್ಟಿಕ್ ಮುಚ್ಚಳವಿತ್ತು. ಧೂಳು ಹೋಗದಿರಲೆಂದು ಹೊಚ್ಚಹೊಸ ಕಾರ್ಡಿನ ಕಿಂಡಿಗೆ ಕಾರ್ಖಾನೆಯಲ್ಲೇ ತೊಡಿಸುವ ಮುಚ್ಚಳ. ಮೊದಲ ಸಲ ತಂತಿ ಸಿಕ್ಕಿಸುವಾಗ ಕೀಳುವಂಥದ್ದು. ಅವಳು ಅದನ್ನು ಒಮ್ಮೆ ನೋಡಿದಳು, ಮಾವನನ್ನು ಒಮ್ಮೆ ನೋಡಿದಳು. "ಪುಸ್ತಿಕೇಲಿ ಈ ಮುಚ್ಚಳ ತೆಗೀರಿ ಅಂತ ಬರೆದಿತ್ತು. ನನ್ನ ಕಾರ್ಡಲ್ಲಿ ಎಷ್ಟು ಹುಡುಕಿದರೂ ಸಿಕ್ಕಿರ್ಲಿಲ್ಲ," ಎಂದಳು ಮೆಲ್ಲಗೆ. ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ. "ನಿಮ್ಮ ಹಳೇ ಕಾರ್ಡಿಗೆ ಏನೂ ಆಗಿಲ್ಲ ಮಾವ. ಒಂದು ತಿಂಗಳಿಂದ ಅದರಲ್ಲೇ ಆಡ್ತಿದ್ದೀನಿ ಅಂತ ಕಾಣುತ್ತೆ, ಒಂದ್ಸಲಾನೂ ಗೋಡೆಗೆ ಗುದ್ದಿಲ್ಲ."