ಉಗ್ರಾಣಿ ಮುಚ್ಚಿಟ್ಟ ತಿದ್ದುಪಡಿ

ಆಸ್ಪತ್ರೆಯ ಮೂರನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಅರಗಿಣಿ. ಕೀಬೋರ್ಡಿನಷ್ಟೇ ಬಾಯಿಗೂ ಬಿಡುವಿಲ್ಲ. ಎದುರು ಮೇಜಿನವನು ಉಗ್ರಾಣಿ. ರೋಗಿಗಳ ವಿವರ ತುಂಬಿದ ಡೇಟಾಬೇಸ್ ಕಾಯುವವನು, ಮಾತಾಡಿದರೆ ಮುತ್ತು ಉದುರೀತೆಂದು ಬಾಯಿ ಹೊಲಿದುಕೊಂಡವನು.

ಮಾನಿಟರಿನ ಅಂಚಿನಿಂದ ಅವನು ಕದ್ದು ನೋಡುತ್ತಿದ್ದ. ಅವಳು ತಿರುಗಿದಳೋ, ಸಿಕ್ಕಿಬಿದ್ದ ಕಳ್ಳನಂತೆ ಕನ್ನಡಕ ಒರೆಸತೊಡಗುತ್ತಿದ್ದ. ಒರೆಸಿ ಒರೆಸಿ ಗಾಜು ಸವೆದೀತು ಎಂದು ಅವಳು ಛೇಡಿಸಿದ ದಿನ ಅವನು ನಕ್ಕಿದ್ದ. ಆ ನಗುವನ್ನು ಬಚ್ಚಿಟ್ಟುಕೊಂಡು ಅವಳು ವಾರವಿಡೀ ಓಡಾಡಿದ್ದಳು.

ಈ ಸೋಮವಾರ ಯಾರೂ ನಗಲಿಲ್ಲ. ಎರಡನೇ ವಾರ್ಡಿನ ಅಜ್ಜಿಯೊಬ್ಬರು ಒಗ್ಗದ ಔಷಧಿಯಿಂದ ತೀರಿಕೊಂಡಿದ್ದರು. ಯಾರಿಗೆ ಯಾವ ಔಷಧಿ ಆಗದೆಂದು ನರ್ಸ್‌ಗಳನ್ನು ಎಚ್ಚರಿಸುವ, ಡೇಟಾಬೇಸಿನೊಳಗೇ ಓಡುವ ಕೋಡ್ ಅರಗಿಣಿ ಬರೆದದ್ದು. ಅಜ್ಜಿಗೆ ಎರಡು ಔಷಧಿ ಆಗುತ್ತಿರಲಿಲ್ಲ. ಪರದೆ ಒಂದನ್ನೇ ತೋರಿಸಿತ್ತು.

ಊಟದ ಹೊತ್ತಿಗೆ ಉಗ್ರಾಣಿ ಅವಳನ್ನು ಮೆಟ್ಟಿಲ ಬಳಿ ಕರೆದ. ಮುಖ ಸುಣ್ಣವಾಗಿತ್ತು. ಆ ದೋಷ ತಿಂಗಳ ಹಿಂದೆಯೇ ಅವನ ಕಣ್ಣಿಗೆ ಬಿದ್ದಿತ್ತಂತೆ. ತಂಡದ ಮುಂದೆ ಅವಳ ತಲೆ ತಗ್ಗದಿರಲೆಂದು, ನೇರ ಡೇಟಾಬೇಸಿನೊಳಗೇ ಗುಟ್ಟಾಗಿ ತಿದ್ದಿಬಿಟ್ಟಿದ್ದ. ಎಲ್ಲರ ಕೋಡ್ ಇರುವ ಗಿಟ್‌ಗೆ ಅದನ್ನು ಸೇರಿಸಿರಲಿಲ್ಲ; ಸೇರಿಸಿದ್ದರೆ ತಪ್ಪು ಯಾರದೆಂದು ಎಲ್ಲರಿಗೂ ಕಾಣುತ್ತಿತ್ತು. ಶುಕ್ರವಾರ ಅವಳು ಬೇರೇನೋ ಬದಲಾಯಿಸಿ, ಗಿಟ್‌ನಲ್ಲಿದ್ದುದನ್ನೇ ಡೇಟಾಬೇಸಿಗೆ ಏರಿಸಿದ್ದಳು. ಅವನ ತಿದ್ದುಪಡಿ ಅಳಿಸಿಹೋಗಿ ಹಳೆಯ ದೋಷ ಮರಳಿ ಬಂದಿತ್ತು.

“ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ನಿಮ್ಮ ಮುಖ ಬಾಡೋದನ್ನ ನೋಡೋ ಧೈರ್ಯ ಇರ್ಲಿಲ್ಲ.”

ಎಷ್ಟು ದಿನದಿಂದ ಅವಳು ಕಾದಿದ್ದ ಮಾತು. ಬಂದ ಗಳಿಗೆ ನೋಡಿ.

ಮೂರು ಗಂಟೆಗೆ ವಿಚಾರಣೆ. ಕೋಡನ್ನು ಹಾಗೇ ಬರೆಯಲು ನಾನೇ ಹೇಳಿಕೊಟ್ಟಿದ್ದೆ ಎಂದುಬಿಡುತ್ತೇನೆ, ನೀವು ಸುಮ್ಮನಿದ್ದರೆ ಸಾಕು ಎಂದ. ತನಗೆ ಹಿಂದಿಲ್ಲ ಮುಂದಿಲ್ಲ, ಅವಳ ಬದುಕು ಇನ್ನೂ ಮುಂದಿದೆ ಎಂದ. ಅವಳು ತಲೆಯಾಡಿಸಲಿಲ್ಲ. ಕೆಳಗಿನ ಪಡಸಾಲೆಯಲ್ಲಿ ಅಜ್ಜಿಯ ಮಗಳು ಅಮ್ಮನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು ಅಲ್ಲಿಂದಲೇ ಕಾಣುತ್ತಿತ್ತು.

ವಿಚಾರಣೆಯಲ್ಲಿ ಅವನಿಗಿಂತ ಮೊದಲು ಅವಳೇ ಎದ್ದಳು.

“ಬರೆದದ್ದು ನಾನು. ಸರಿಯಾಗಿ ಪರೀಕ್ಷಿಸದೆ ಏರಿಸಿದ್ದೂ ನಾನು. ಇವರು ಬೇರೆ ಏನೇ ಹೇಳಿದ್ರೂ ಅದು ನನ್ನ ಉಳಿಸೋಕೆ. ದಯವಿಟ್ಟು ನಂಬಬೇಡಿ.”

ಆಮೇಲೆ ಅವನಿಗೂ ನಿಜ ಹೇಳದೆ ವಿಧಿಯಿರಲಿಲ್ಲ. ಸಂಜೆಗೆ ಇಬ್ಬರ ಗುರುತಿನ ಚೀಟಿಯನ್ನೂ ವಾಪಸ್ ಪಡೆದರು.

ಬಸ್ ನಿಲ್ದಾಣದಲ್ಲಿ ಅವನು ಒಂದು ಮಾರು ದೂರ ನಿಂತಿದ್ದ. ಅವಳೇ ಹತ್ತಿರ ಹೋದಳು.

“ನೀವಂದ್ರೆ ನಂಗೆ ಪ್ರಾಣ. ಆದ್ರೆ ನಿಮ್ಮನ್ನ ನೋಡಿದ್ರೆ ಈಗ ಆ ಅಜ್ಜೀನೇ ಕಾಣ್ತಾರೆ.”

“ನಂಗೂ,” ಎಂದ. ಬಸ್ ಬಂದು ನಿಂತಿತು. “ಕಾಯ್ಲಾ?”

ಬೇಡ ಎನ್ನಲು ಅವಳು ಬಾಯಿ ತೆರೆದಳು. ಆ ಒಂದು ಸುಳ್ಳೂ ಇವತ್ತು ನಾಲಿಗೆಗೆ ಬರಲಿಲ್ಲ. ಬಸ್ ಹತ್ತಿದಳು.